ವಿನಾಯಿತಿ

“ಇವೆರಡಕ್ಕ ಯಾಕ ವಿನಾಯಿತಿ ಕೊಟ್ಟೀ?” ಡಾಕ್ಟರ್ ಸಂಜೀವಕುಮಾರ ಪರದೆಗೆ ಬೆರಳು ತಾಗಿಸಿ ಕೇಳಿದರು. ಶಹಾಪುರದ ತಮ್ಮ ದವಾಖಾನೆಯ ಕಂಪ್ಯೂಟರುಗಳಿಗೆ ಅವರು ವೈರಸ್ ತಡೆಯುವ ಹೊಸ ಫೈರ್‌ವಾಲ್ ಪೆಟ್ಟಿಗೆ ತರಿಸಿದ್ದರು. ಅದನ್ನು ಜೋಡಿಸಿಕೊಡಲು ಯಾದಗಿರಿಯಿಂದ ಆಸ್ಮಾ ಬಂದಿದ್ದಳು.

“ಒಂದು ಬ್ಯಾಂಕ್ ವೆಬ್‌ಸೈಟಿಂದು, ಒಂದು ಆರೋಗ್ಯದ್ದು ಸರ್. ಮಂದಿ ಇಂಟರ್ನೆಟ್‌ನ್ಯಾಗ ನೋಡೂದು, ಬರಿಯೂದು ಎಲ್ಲಾ ಲಕೋಟಿ ಹಾಕಿದಂಗ ಮುಚ್ಚಿ ಹೋಗ್ತೈತ್ರಿ. ಈ ಪೆಟಗಿ ಅದನ್ನ ನಡುದಾರ್ಯಾಗ ಬಿಚ್ಚಿ, ವೈರಸ್ ಇಲ್ಲಂದ್ರ ಮತ್ತ ಮುಚ್ಚಿ ಕಳಸ್ತೈತಿ. ಇವೆರಡನ್ನ ಮಾತ್ರ ಬಿಚ್ಚಬಾರದ್ರಿ. ಅವರವರ ಖಾಸಗಿ.”

“ಖಾಸಗಿ!” ಡಾಕ್ಟರು ನಕ್ಕರು. “ಕಂಪ್ಯೂಟರ್ ನಂದು, ನೆಟ್ ನಂದು, ಪಗಾರ ಕೊಡಾಂವ ನಾನು. ಇವರದೇನೈತಿ ಖಾಸಗಿ? ಇಲ್ಲೇ ಕುಂತು ಯಾರೋ ನಮ್ಮ ಪೇಷಂಟ್‌ಗಳನ್ನ ಕಲಬುರಗಿ ದವಾಖಾನಿಗೆ ಕಳಸಾಕತ್ತಾರ. ತಗಿ ಆ ವಿನಾಯಿತಿ.”

“ಹಂಗಾದ್ರ ಸ್ಟಾಫಿಗೆ ಮೊದಲ ತಿಳಿಸ್ರಿ ಸರ್.”

“ತಿಳಿಸಿದ್ರ ಹುಷಾರ್ ಆಗ್ತಾರ. ಕಳ್ಳರಿಗೆ ನೋಟಿಸ್ ಕೊಟ್ಟು ಹಿಡೀತಾರೇನು?”

ಆಸ್ಮಾಳ ವರ್ಷದ ಗುತ್ತಿಗೆಗೆ ಡಾಕ್ಟರ ಸಹಿ ಇನ್ನೂ ಬಿದ್ದಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ವಿನಾಯಿತಿಯ ಎರಡೂ ಗುರುತು ತೆಗೆದಳು.

ಡಾಕ್ಟರು ಹೊರಗಿನ ರೋಗಿಗಳನ್ನು ಕಾಯಿಸಿ, ಪೆಟ್ಟಿಗೆ ಬಿಚ್ಚಿದ್ದೆಲ್ಲ ಕಾಣುವ ಪರದೆಯ ಮುಂದೆ ಕುಳಿತರು. ರೋಗಿಯ ಮಾತು ಮುಗಿಯುವ ಮೊದಲೇ ಚೀಟಿ ಹರಿದುಕೊಡುವ ಮನುಷ್ಯನಿಗೆ ಯಾವ ನರ್ಸು ಯಾವ ಸೀರೆ ನೋಡಿದಳು, ಲ್ಯಾಬಿನವನ ಬ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ಓದಲು ಧಾರಾಳ ಬಿಡುವಿತ್ತು. ಊಟದ ಹೊತ್ತಿಗೆ ಮೇಜು ಕುಟ್ಟಿದರು.

“ಸಿಕ್ಕಳು! ರಿಸೆಪ್ಷನ್ ಪರಿಮಳಾ. ನೋಡಿಲ್ಲೆ, ಕಲಬುರಗಿಯೊಳಗ ಅಪಾಯಿಂಟ್‌ಮೆಂಟ್ ತಗೊಂಡಾಳ!” ಎನ್ನುತ್ತಲೇ ಬೆಲ್ ಒತ್ತಿ ಅವಳನ್ನು ಕರೆಸಿದರು.

ಆಸ್ಮಾ ಬಗ್ಗಿ ನೋಡಿದಳು. ಅದಕ್ಕೂ ಮೊದಲು ಪರಿಮಳಾ ತೆರೆದಿದ್ದ ಪುಟದ ಹೆಸರು ಅಲ್ಲೇ ಇತ್ತು: ‘ಎದೆಯಲ್ಲಿ ನೋವಿಲ್ಲದ ಗಂಟು’.

“ಸರ್, ಪೇಷಂಟ್ ಹೆಸರು ನೋಡ್ರಿ. ಆಕಿ ಹೆಸರೇ ಐತಿ.”

ಡಾಕ್ಟರು ಓದಿದರು. ಈಗ ಅವರೊಳಗಿನ ವೈದ್ಯ ಎದ್ದುಬರಬಹುದೆಂದು ಆಸ್ಮಾ ಕಾದಳು. ಎದ್ದುಬಂದವನು ಅಂಗಡಿಕಾರ.

“ಏನಮ್ಮಾ, ಎದಿಯೊಳಗ ಗಂಟಾಗೇತಂತ?” ಬಾಗಿಲಿಗೆ ಬಂದ ಪರಿಮಳಾಳನ್ನು ಅವರು ಕೂತಲ್ಲಿಂದಲೇ ಕೇಳಿದರು. “ನಮ್ಮಲ್ಲೇ ಸ್ಕ್ಯಾನಿಂಗ್ ಮಷೀನ್ ಐತಿ. ನಮ್ಮ ಸ್ಟಾಫೇ ಕಲಬುರಗಿಗೆ ಓಡಿದ್ರ ಊರ ಮಂದಿ ನಮ್ಮ ಕಡೆ ಬರ್ತಾರೇನು?”

ಹೊರಗೆ ಬೆಂಚಿನಲ್ಲಿ ಕುಳಿತವರೆಲ್ಲ ತಲೆ ಎತ್ತಿ ಅವಳತ್ತ ನೋಡಿದರು. ಪರಿಮಳಾ ಸೆರಗು ಎಳೆದುಕೊಂಡಳು.

“ನಮ್ಮವ್ವಗೂ ಹೇಳಿಲ್ರಿ ಸರ್. ನಿಮಗ್ಯಾರ್ ಹೇಳಿದ್ರು?”

ಡಾಕ್ಟರು ಹೊಸ ಪೆಟ್ಟಿಗೆಯತ್ತ ಹೆಮ್ಮೆಯಿಂದ ಕೈ ತೋರಿಸಿದರು. ಪರಿಮಳಾ ಪೆಟ್ಟಿಗೆಯನ್ನು ನೋಡಲಿಲ್ಲ, ಆಸ್ಮಾಳನ್ನು ನೋಡಿದಳು. ಆಮೇಲೆ ತನ್ನ ಚೀಲ ತೆಗೆದುಕೊಂಡು ಹೊರಟುಹೋದಳು.

“ಸೊಕ್ಕು ನೋಡು! ಇರಲಿ, ನೀ ಆ ಕಲಬುರಗಿ ದವಾಖಾನಿ ವೆಬ್‌ಸೈಟ್ ಇಲ್ಲಿ ತೆರೀದಂಗ ಬ್ಲಾಕ್ ಮಾಡಿಬಿಡು.”

ಆಸ್ಮಾ ಲ್ಯಾಪ್‌ಟಾಪ್ ಮುಚ್ಚಿದಳು. ರಿಸೆಪ್ಷನ್ನಿನ ಮುಂದೆ ನಿಂತು, ನರ್ಸುಗಳಿಗೂ ಲ್ಯಾಬಿನವರಿಗೂ ಕೇಳುವಂತೆ ಹೇಳಿದಳು: “ಇನ್ನ ಈ ಕಂಪ್ಯೂಟರದಾಗ ನೀವು ಏನ್ ಬರದ್ರೂ ಸಾಹೇಬ್ರು ಓದ್ತಾರ. ಹಂಗ ಮಾಡಿಕೊಟ್ಟಾಕಿ ನಾನೇ. ಮಾಫ್ ಮಾಡ್ರಿ.”

ಬಸ್ ಸ್ಟ್ಯಾಂಡಿನಲ್ಲಿ ಪರಿಮಳಾ ಸಿಕ್ಕಳು. ಆಸ್ಮಾ ನಡೆದದ್ದನ್ನೆಲ್ಲ ಹೇಳಿ ಮಾಫಿ ಕೇಳಿದಳು. ಬಸ್ ಬಂದಾಗ ಪರಿಮಳಾ, “ನಾಳಿ ಕಲಬುರಗಿಗೆ ಜೋಡಿ ಬರ್ತೀಯೇನು? ಒಬ್ಬಾಕಿಗೇ ಅಂಜಿಕಿ ಬರತೈತಿ” ಅಂದಳು.

ಮರುದಿನ ಪರಿಮಳಾ ಕಲಬುರಗಿಯಲ್ಲಿ ತಪಾಸಣೆಗೆ ಒಳಗೆ ಹೋಗಿದ್ದಳು. ಹೊರಗೆ ಅವಳ ಚಪ್ಪಲಿ, ಚೀಲ ಕಾಯುತ್ತ ಕೂತಿದ್ದ ಆಸ್ಮಾಳಿಗೆ ಡಾಕ್ಟರ್ ಸಂಜೀವಕುಮಾರರ ಫೋನ್ ಬಂತು.

“ಏನ್ ಕೆಲಸ ಮಾಡಿ ಹೋಗೀ ನೀ? ಮುಂಜಾನಿಂದ ಕುಂತೇನಿ, ಯಾರದೂ ಏನೂ ಕಾಣವಲ್ದು.”

“ಮಷೀನ್ ಛಲೋನೇ ಐತ್ರಿ ಸರ್,” ಎಂದಳು ಆಸ್ಮಾ. “ನಿನ್ನಿಯಿಂದ ನೀವ ಎಲ್ಲಾರಿಗೂ ಕಾಣಾಕತ್ತೀರಿ, ಅಷ್ಟ.”