ಓರಿನ್ ಕೊಡದ ಆಕ್ಸಲ್

ಟಾರ್ಪಾಲು ಎಳೆದೊಡನೆ ಟ್ರೂಡಿಯ ಕೈ ನಿಂತಿತು.

“ಚಿಕ್ಕಪ್ಪ, ಇದನ್ನೂ ಗುಜರಿ ರಾಶಿಗೆ ಹಾಕಿದ್ಯಾ?”

“ಹಳೇ ಫೋರ್ಡ್ ಕಾರಿನ ಹಿಂದಿನ ಚಕ್ರಗಳ ಆಕ್ಸಲ್. ಗುಜರಿ ಅಲ್ದೆ ಇನ್ನೇನು?” ಎಂದ ಲಾಯ್ಡ್. “ಬೇಗ ಬೇಗ ಎತ್ತು. ಎಲ್ಲಾನೂ ಒಟ್ಟಿಗೆ ಒಯ್ಯೋನು ಹನ್ನೆರಡಕ್ಕೆ ಬರ್ತಾನೆ.”

ಪಾರ್ಶ್ವವಾಯು ಬಡಿದಿದ್ದ ಲಾಯ್ಡ್‌ನ ಅಪ್ಪ, ಟ್ರೂಡಿಯ ತಾತ ಓರಿನ್, ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಮೆಟ್ಟಿಲು ಹತ್ತುವುದು ಇನ್ನು ಕನಸು. ಬೇಕರ್ಸ್‌ಫೀಲ್ಡಿನ ಆ ಮನೆಯಲ್ಲಿ ಗಾಲಿಕುರ್ಚಿ ನುಗ್ಗುವ ಜಾಗವೆಂದರೆ ಗ್ಯಾರೇಜೊಂದೇ. ಅದು ಖಾಲಿಯಾಗಲೇಬೇಕಿತ್ತು.

ಟ್ರೂಡಿ ಮೊಣಕಾಲೂರಿದಳು. ಎರಡು ತುದಿ ಕಬ್ಬಿಣ, ನಡುವಿನ ಹೊಟ್ಟೆ ಅಲ್ಯೂಮಿನಿಯಂ. ಅದರ ಬೆನ್ನಿಗೆ ಡಬ್ಬಿಯಂಥ ಗೂನು. ಚಿಂದಿಬಟ್ಟೆಯಿಂದ ಗ್ರೀಸ್ ಒರೆಸಿದಳು. ಮೈ ಒರಟು, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಈಗಿನ ನಕಲುಗಳು ನುಣುಪಾಗಿರುತ್ತವೆ. ನಟ್ಟುಗಳನ್ನು ಬಿಚ್ಚಿದಳು. ಮುಚ್ಚಳ ಕೈಗೆ ಬಂತು. ಒಳಗೆ ಒಂದರ ಮೇಲೊಂದು ಎರಡು ಗಿಯರ್ ಚಕ್ರಗಳು. ಎರಡನ್ನೂ ಹೊರಗೆಳೆದು, ಅವು ಕೂರುವ ದಂಡದ ಮೇಲಿನ ಗೀರುಗಳನ್ನು ಎಣಿಸಿದಳು. ಆರು. ಆಮೇಲೆ ಬಂದ ಆಕ್ಸಲ್‌ಗಳಲ್ಲಿ ಹತ್ತಿರುತ್ತವೆ.

“ಕ್ವಿಕ್-ಚೇಂಜ್,” ಎಂದಳು ಮೆಲ್ಲಗೆ. “ಅದೂ ಮೊದಮೊದಲಿನದು.”

“ಹಂಗಂದ್ರೆ?”

“ಬೇರೆ ಕಾರಲ್ಲಿ ವೇಗಕ್ಕೋ ಎಳೆತಕ್ಕೋ ಬದಲಾಯಿಸ್ಬೇಕು ಅಂದ್ರೆ ಹಿಂಭಾಗಾನೇ ಬಿಚ್ಚಿ ಹಾಕ್ಬೇಕು. ಇದಕ್ಕೆ ಐದು ನಿಮಿಷ ಸಾಕು. ದೊಡ್ಡ ಚಕ್ರ ಮೇಲೆ ಇಟ್ರೆ ಎಳೆತ, ಕೆಳಗೆ ಇಟ್ರೆ ವೇಗ.”

ಅಂಗಳದಲ್ಲಿ ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿಯ ಮಾಡಿಲ್ಲದ ಕಾರು, ರೋಡ್‌ಸ್ಟರ್, ಇಟ್ಟಿಗೆಗಳ ಮೇಲೆ ನಿಂತಿತ್ತು. ತಾತ, ಮೊಮ್ಮಗಳು ಸೇರಿ ಒಂಬತ್ತು ವರ್ಷ ಕಟ್ಟಿದ್ದು. ಇಂಜಿನ್ ಸಿದ್ಧ, ಚೌಕಟ್ಟು ಸಿದ್ಧ. ಹಿಂದಿನ ಆಕ್ಸಲ್ ಮಾತೆತ್ತಿದಾಗಲೆಲ್ಲ ಓರಿನ್ ಮಾತು ತೇಲಿಸುತ್ತಿದ್ದರು. ಮುಂದಿನ ತಿಂಗಳು ಒಣಕೆರೆಯ ಬಯಲಿನಲ್ಲಿ ಕಾರುಗಳ ಓಟ.

“ಇದು ನಂಗೆ ಬೇಕು, ಚಿಕ್ಕಪ್ಪ.”

ಲಾಯ್ಡ್ ತಲೆ ಕೆರೆದುಕೊಂಡ. ಕೆಟ್ಟವನಲ್ಲ. “ನಲವತ್ತು ವರ್ಷ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ಅಪ್ಪ. ಅವರನ್ನೇ ಕೇಳೋಣ. ಹೂಂ ಅಂದ್ರೆ ನಿಂದು. ಇಲ್ಲಾಂದ್ರೆ ಲಾರಿಗೆ.”

ಕುರ್ಚಿಯನ್ನು ತಳ್ಳಿಕೊಂಡು ಬಂದ. ಓರಿನ್‌ರ ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ಮಾತ್ರ ಹಳೆಯದೇ.

“ನೀರು ಕುಡೀತೀಯಾ ಅಪ್ಪ?”

“ಬೇಡ.”

ಹೀರುಗೊಳವೆ ತುಟಿಗೆ ತಾಗಿದ್ದೇ ತಡ, ಲೋಟ ಬರಿದಾಯಿತು.

“ಹಠ ಮಾತ್ರ ಕಮ್ಮಿ ಆಗಿಲ್ಲ,” ಎಂದು ಲಾಯ್ಡ್ ನಕ್ಕ.

ಟ್ರೂಡಿ ಎದುರು ಕುಳಿತಳು. ಕೈಯಲ್ಲಿ ಎರಡೂ ಚಕ್ರಗಳು. “ತಾತ, ಇದನ್ನ ನಮ್ಮ ಕಾರಿಗೆ ಹಾಕ್ಲಾ? ನಂಗೆ ಕೊಡ್ತೀರಾ?”

ಓರಿನ್‌ರ ಕುತ್ತಿಗೆಯ ನರ ಉಬ್ಬಿತು. ತುಟಿ ಅದುರಿತು. ತಲೆ ಎತ್ತಲೋ ಅಲ್ಲಾಡಿತು.

“ಬೇಡ.”

“ತಾತ, ನಾನು ಟ್ರೂಡಿ. ಓಟಕ್ಕೆ.”

“ಬೇಡ! ಬೇಡ!”

ಎಡಗೈ ಚಾಚಿ ದೊಡ್ಡ ಚಕ್ರವನ್ನು ಅವಳಿಂದ ಕಿತ್ತುಕೊಂಡರು. ಕುರ್ಚಿಯಿಂದ ಬಗ್ಗಿ, ಒಂದೇ ಕೈಯಲ್ಲಿ ಅದನ್ನು ಕೆಳಗಿನ ದಂಡಕ್ಕೆ ತೂರಿಸಲು ನೋಡಿದರು. ಚಕ್ರ ಜಾರಿ ನೆಲಕ್ಕೆ ಬಿತ್ತು. ಮುದುಕನ ಕಣ್ಣಲ್ಲಿ ನೀರು.

“ಬಿಡಮ್ಮ,” ಎಂದ ಲಾಯ್ಡ್. “ಬಿಚ್ಚಿದ್ದೇ ಸಹಿಸ್ತಿಲ್ಲ ಅವರು. ಮುಚ್ಚಿಬಿಡು.”

ಅವಳು ಮುಚ್ಚಿದಳು. ಒಂಬತ್ತು ವರ್ಷ ಜೊತೆಗಿದ್ದ ತನ್ನ ಮೇಲೂ ತಾತನ ನಂಬಿಕೆ ಇಷ್ಟೇ ಎನಿಸಿತು. ಲಾರಿ ಬಂದಾಗ ಆಕ್ಸಲ್ಲಿನ ಒಂದು ತುದಿಯನ್ನು ಅವಳೇ ಹಿಡಿದೆತ್ತಿದಳು.

ಬಂದವನು ಎರಕದ ಗುರುತು ನೋಡಿ ಸಿಳ್ಳೆ ಹೊಡೆದ. “ಇಂಥದ್ದು ಹುಡುಕೋಕೆ ಜನ್ಮ ಸವೆಯುತ್ತೆ. ಯೊಕೊಹಾಮದಲ್ಲಿ ಒಬ್ಬ ಕಾಯ್ತಾ ಕೂತಿದಾನೆ. ನಾಳೆ ಹಡಗಿಗೆ.”

ಲಾರಿ ತಿರುವು ದಾಟುವವರೆಗೂ ಓರಿನ್ ಕೂಗುತ್ತಲೇ ಇದ್ದರು. ಒಂದೇ ಮಾತು. ಟ್ರೂಡಿ ತಿರುಗಿ ನೋಡಲಿಲ್ಲ. ಅಂಗಳಕ್ಕೆ ಹೋಗಿ ರೋಡ್‌ಸ್ಟರಿಗೆ ಹೊದಿಕೆ ಹಾಕಿ, ಹಗ್ಗ ಬಿಗಿದಳು. ಆಮೇಲೆ ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ.

ಐದನೆಯ ದಿನ ಮಾತಿನ ಚಿಕಿತ್ಸೆಯ ಅಬ್ರೆಗೊ ಮೊದಲ ಬಾರಿ ಬಂದಳು. ಮನೆಯವರೆಲ್ಲ ಇರಬೇಕೆಂದಿದ್ದಳು. ಟ್ರೂಡಿ ಬಾಗಿಲಿಗೊರಗಿ ನಿಂತಳು. ಅಬ್ರೆಗೊ ಓರಿನ್‌ರ ಮಡಿಲಲ್ಲಿ ಒಂದು ಹಲಗೆಯಿಟ್ಟಳು. ಹೌದು ಎನ್ನಲು ಒಂದು ಬದಿ ಹಸಿರು ಗುರುತು, ಇಲ್ಲ ಎನ್ನಲು ಇನ್ನೊಂದು ಬದಿ ಕೆಂಪು ಗೀಟು.

“ಅಜ್ಜ, ನಿಮ್ಮ ಹೆಸರು ಓರಿನ್ ಅಲ್ವಾ?”

“ಬೇಡ.”

ಲಾಯ್ಡ್ ಮುಖ ಎತ್ತಿದ.

“ಈ ಹುಡುಗಿ ನಿಮ್ಮ ಮೊಮ್ಮಗಳಾ?”

“ಬೇಡ.”

ಅಬ್ರೆಗೊ ಮೆತ್ತಗೆ ಹೇಳಿದಳು: “ಗಾಬರಿ ಆಗ್ಬೇಡಿ. ನಾವು ಹೇಳೋದೆಲ್ಲ ಇವರಿಗೆ ಅರ್ಥ ಆಗುತ್ತೆ. ಆದ್ರೆ ಬಾಯಿಗೆ ಬರೋದು ಒಂದೇ ಪದ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಬಾಯಿ ಕೇಳ್ಬೇಡಿ, ಬೆರಳು ನೋಡಿ.”

ಟ್ರೂಡಿ ಹತ್ತಿರ ಬಂದು ಕುರ್ಚಿಯ ಮುಂದೆ ಮೊಣಕಾಲೂರಿದಳು.

“ತಾತ... ಆ ಆಕ್ಸಲ್... ನಂಗೇ ಕೊಡ್ಬೇಕು ಅಂತಿದ್ರಾ?”

“ಬೇಡ,” ಎಂದರು ಓರಿನ್, ಹಸಿರು ಗುರುತಿನ ಮೇಲೆ ಬೆರಳೊತ್ತಿ.