ಹಾಲುಕ್ಕಿದ ಹೊತ್ತು

ಬೆಳಿಗ್ಗೆ 6.20. ಕೌಲಾಲಂಪುರದಲ್ಲಿ ಹೊಸದಾಗಿ ಹಿಡಿದ ಹದಿನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ ಪಟ್ಟಾಭಿ ದಂಪತಿ ಹಾಲುಕ್ಕಿಸಿದರು. ಉಕ್ಕಿದ ಹಾಲು ಸೀದು ಹೊಗೆಯೆದ್ದಿತು, ಬೆಂಕಿಯ ಅಲಾರಂ ಹೊಡೆಯಿತು, ಇಡೀ ಕಟ್ಟಡದ ಜನ ಕೆಳಗಿಳಿದರು.

ಗೇಟಿನಲ್ಲಿ ತಿಂಡಿ ಮಾರುತ್ತಿದ್ದ ಮುದುಕಿ ಪಟ್ಟಾಭಿಯ ಮುಂದೆ ನಿಂತು ಮಲಯ್ ಭಾಷೆಯಲ್ಲಿ ಕೂಗಾಡತೊಡಗಿದಳು.

“ಎಲ್ಲರ ಕ್ಷಮೆ ಕೇಳಿದ್ದಾಯ್ತು. ಈ ಕಟ್ಟಡದವಳೇ ಅಲ್ಲ, ಇವಳದ್ದೇನು?” ಪಟ್ಟಾಭಿ ಕೆರಳಿದ. “ಹೊರಗಿನವರು ಬಂದು ಬೆಂಗಳೂರಲ್ಲಿ ಬಾಡಿಗೆ ಏರಿಸಿದರು. ಪಿಂಚಣಿಯಲ್ಲಿ ಬದುಕಬಹುದು ಅಂತ ಇಲ್ಲಿಗೆ ಬಂದರೆ ಇಲ್ಲೂ ನೆಮ್ಮದಿ ಇಲ್ಲ!”

“ಮೆತ್ತಗೆ ಮಾತಾಡ್ರೀ,” ಎಂದಳು ಹೆಂಡತಿ.

“ಅಲ್ಲಿ ಮೆತ್ತಗಿದ್ದೇ ಮನೆ ಬಿಡಬೇಕಾಯ್ತು. ಏನಂತೆ ಇವಳದು, ಮುನಿರಾಜು?”

ಹೊಸೂರಿನಿಂದ ಬಂದಿದ್ದ, ಆ ಕಟ್ಟಡದ ಕ್ಲೀನರ್ ಮುನಿರಾಜು ತಲೆ ಕೆರೆದುಕೊಂಡ. “ಆ ಯಮ್ಮನ ಒಲೆ ಸುಟ್ಟಾಕಿದ್ರಂತೆ, ಸಾರ್.”

“ಅವಳ ಒಲೆಯಾ?”

“ಹೋದ ತಿಂಗಳವರೆಗೂ ಆ ಮನೇಲಿದ್ದಿದ್ದು ಅವರೇ. ನೀವು ಜಾಸ್ತಿ ಬಾಡಿಗೆಗೆ ಒಪ್ಪಿದ್ರಿ ಅಂತ ಓನರ್ ಖಾಲಿ ಮಾಡಿಸಿದ್ರು.”

6.45ಕ್ಕೆ ಅಲಾರಂ ನಿಂತು ಎಲ್ಲರೂ ಲಿಫ್ಟ್ ಹತ್ತಿದರು. ಮುದುಕಿ ಕೆಳಗೇ ಉಳಿದಳು.