ನೀರಿನ ಗೆರೆ

ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಇಂಜಿನಿಯರ್ ದೊರೆ ಯಾವ ಊರಿನಲ್ಲೂ ಹದಿನೈದು ದಿನ ನಿಂತವನಲ್ಲ. ಇಲ್ಲಿಗೆ ಬಂದು ಹನ್ನೆರಡು ದಿನವಾಗಿತ್ತು. ಅಂಗಾಲು ಆಗಲೇ ತುರಿಸುತ್ತಿತ್ತು. ಕಟ್ಟಲಿರುವ ಹೊಸ ಕೆರೆಯ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಗುರುತಿಸುವುದು ಅವನ ಕೆಲಸ. ಆ ಊರಿನವನೇ ಆದ ಜವರ ಅಲ್ಲಲ್ಲಿ ಅಳತೆಕೋಲು ಹಿಡಿದು ನಿಲ್ಲುತ್ತಿದ್ದ. ದೊರೆ ದೂರದ ದಿಬ್ಬದಿಂದ ದುರ್ಬೀನಿನಲ್ಲಿ ಕೋಲಿನ ಅಂಕೆ ಓದಿ, ನೆಲದ ಎತ್ತರ ಲೆಕ್ಕ ಹಾಕುತ್ತಿದ್ದ.

ಹದಿಮೂರನೆಯ ದಿನ ಬೆಳಿಗ್ಗೆಯೇ ಡೇರೆ ಕೀಳಿಸಿ ಗಾಡಿ ಹತ್ತಿದ. ಜವರ ಗಾಡಿಯ ಪಕ್ಕದಲ್ಲೇ ಹೆಜ್ಜೆ ಹಾಕಿದ.

"ನಮ್ಮೂರು ಏನಾಯ್ತು ಬುದ್ಧಿ?"

"ಉಳಿಯಿತು. ನೀರಿಗಿಂತ ಅರ್ಧ ಅಡಿ ಮೇಲಿದೆ."

ಜವರನ ಮುಖ ಅರಳಿತು. "ನೀವು ಬರೆದ ಗೆರೆ ದಾಟಿ ನೀರು ಬರಾಕಿಲ್ಲ, ಅಲ್ವಾ?"

ದೊರೆ ನಕ್ಕುಬಿಟ್ಟ. "ನನ್ನ ಗೆರೆ ನೀರಿಗೇನು ಗೊತ್ತು? ಕಟ್ಟೆಯ ಎತ್ತರಕ್ಕೆ ತಕ್ಕಂತೆ ಅದು ಬಂದು ನಿಲ್ಲುತ್ತೆ. ಕಟ್ಟೆ ಎಷ್ಟು ಎತ್ತರ ಅನ್ನೋದು ಹೋದ ವರ್ಷವೇ ತೀರ್ಮಾನವಾಗಿದೆ. ಮುಳುಗೋ ಮೂರು ಊರಿನವರನ್ನ ಎಬ್ಬಿಸಿ ಬೇರೆ ಕಡೆ ಜಮೀನು ಕೊಡ್ತಾರೆ. ನಿಮ್ಮನ್ನ ಯಾರೂ ಎಬ್ಬಿಸಲ್ಲ. ವರದಿ ನಿನ್ನೆಯೇ ಟಪಾಲಿನಲ್ಲಿ ಹೋಯಿತು."

ಜವರ ಮುಂದೆ ಓಡಿ ಎತ್ತಿನ ಮೂಗುದಾರ ಹಿಡಿದು ಗಾಡಿ ನಿಲ್ಲಿಸಿದ.

"ಬಿಡೋ, ಬಿಸಿಲೇರೋದರೊಳಗೆ ಹೊಳೆ ದಾಟಬೇಕು."

"ಇನ್ನೊಂದ್ಸಲ ಅಳೀರಿ ಬುದ್ಧಿ," ಎಂದ ಜವರ. "ನಮ್ಮೂರಲ್ಲಿ ಕೋಲನ್ನ ನಾನು ನೆಲದ ಮ್ಯಾಲೆ ಮಡಗಿರ್ಲಿಲ್ಲ, ಅಡಿ ಎತ್ತರದ ಒರಳುಕಲ್ಲಿನ ಮ್ಯಾಲೆ ಮಡಗಿದ್ದೆ."